ಲೇಟೆಕ್‌ನ ಅಡ್ಡ ಉಲ್ಲೇಖಗಳಿಗೆ ಕ್ಲೆವರ್‌ರೆಫ್: ಒಂದು ವಿಮರ್ಶೆ

ಆದೇಶಗಳನ್ನು ಬರೆದು ಪುಟಗಳನ್ನು ಅಚ್ಚಿಗೆ ಸಿದ್ಧಪಡಿಸುವ ತಂತ್ರಾಂಶ ಲೇಟೆಕ್. ಅದರ ಕಡತದಲ್ಲಿ ಚಿತ್ರದ ಸಂಖ್ಯೆ ಇರಬೇಕಾದ ಜಾಗದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆಗಳು ಕಾಣಿಸಿಕೊಂಡರೆ ಗಾಬರಿಪಡಬೇಕಾಗಿಲ್ಲ. ಲೇಬಲ್‌ಗಳ (ಚಿತ್ರ, ವಿಭಾಗಗಳಿಗೆ ನಾವಿಡುವ ಗುರುತಿನ ಹೆಸರುಗಳ) ಸಂಖ್ಯೆ ಒಂದು ಸುತ್ತಿನಲ್ಲಿ ಆಕ್ಸ್ ಎಂಬ ಸಹಾಯಕ ಕಡತಕ್ಕೆ ಹೋಗಿ ಮುಂದಿನ ಸುತ್ತಿನಲ್ಲಿ ಓದಿಸಿಕೊಳ್ಳುವುದರಿಂದ, ಇನ್ನೊಮ್ಮೆ ಕಂಪೈಲ್ ಮಾಡಿದರೆ, ಎಂದರೆ ಕಡತದಿಂದ ಪುಟಗಳನ್ನು ಮತ್ತೆ ತಯಾರಿಸಿದರೆ, ಆ ಚಿಹ್ನೆಗಳು ಸಾಮಾನ್ಯವಾಗಿ ಹೋಗುತ್ತವೆ. ಹೋಗದಿದ್ದರೆ ಯಾವ ಲೇಬಲ್ ಸಿಗುತ್ತಿಲ್ಲವೆಂದು ಲಾಗ್ (ಕಂಪೈಲ್ ಆದಾಗ ಸಿಗುವ ವರದಿ) ಹೆಸರು ಹಿಡಿದು ಹೇಳುತ್ತದೆ. ನಿಜವಾಗಿ ಕಾಡುವುದು ಸದ್ದಿಲ್ಲದ ತಪ್ಪು. ಲೇಬಲ್ ಅನ್ನು ಕ್ಯಾಪ್ಶನ್‌ಗಿಂತ (ಚಿತ್ರದ ಶೀರ್ಷಿಕೆಗಿಂತ) ಮೊದಲು ಬರೆದರೆ, ಚಿತ್ರಕ್ಕೆ ಆಗಿನ್ನೂ ಸಂಖ್ಯೆ ಸಿಕ್ಕಿರದ ಕಾರಣ, ಅದು ಸುತ್ತಲಿನ ವಿಭಾಗದ ಸಂಖ್ಯೆಯನ್ನೇ ಹಿಡಿದುಕೊಳ್ಳುತ್ತದೆ. ‘ಚಿತ್ರ’ ಎಂದು ಕೈಯಾರೆ ಟೈಪಿಸಿ ಮುಂದೆ ಬರಿಯ ಸಂಖ್ಯೆಯನ್ನಷ್ಟೇ ಬರೆಯುವ ರೆಫ್ ಆದೇಶ ಹಾಕಿದ್ದರೆ, ಎರಡನೆಯ ವಿಭಾಗದಲ್ಲಿರುವ ಐದನೆಯ ಚಿತ್ರಕ್ಕೆ ‘ಚಿತ್ರ 2’ ಎಂದು ಅಚ್ಚಾಗುತ್ತದೆ. ಲಾಗ್‌ನಲ್ಲಿ ಒಂದು ಎಚ್ಚರಿಕೆಯೂ ಇರುವುದಿಲ್ಲ.

ಟೋಬಿ ಕ್ಯೂಬಿಟ್ ಅವರು ಬರೆದ, ಲೇಟೆಕ್‌ಗೆ ಸೇರಿಸಿಕೊಳ್ಳಬಹುದಾದ ಕ್ಲೆವರ್‌ರೆಫ್ ಪ್ಯಾಕೇಜನ್ನು ನಾನು ಮೆಚ್ಚುವುದು ಇಲ್ಲಿಯೇ. ಅದರ ಕ್ರೆಫ್ ಆದೇಶವು ಸಂಖ್ಯೆಯ ಜೊತೆಗೆ ಅದು ಯಾವುದರ ಸಂಖ್ಯೆ ಎಂಬುದನ್ನೂ ತಾನೇ ಬರೆಯುವುದರಿಂದ, ಅದೇ ತಪ್ಪು ‘ವಿಭಾಗ 2’ ಎಂದು ಕಣ್ಣಿಗೆ ಬೀಳುತ್ತದೆ. ಟೈಪಿಂಗ್ ಉಳಿಸುವ ಸಾಧನವೆಂದು ಇದನ್ನು ಶಿಫಾರಸು ಮಾಡುವವರೇ ಹೆಚ್ಚು. ನನ್ನ ಮಟ್ಟಿಗೆ ಇದರ ಬೆಲೆ ಇರುವುದು ಕರಡು ತಿದ್ದುವಾಗ.

ಕನ್ನಡದಲ್ಲಿ ಬರೆಯುವವರು ಸ್ವಲ್ಪ ಶ್ರಮ ಪಡಬೇಕು. ಪ್ಯಾಕೇಜಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿಲ್ಲವಾದ್ದರಿಂದ ‘ಚಿತ್ರ’, ‘ಕೋಷ್ಟಕ’, ‘ವಿಭಾಗ’ ಎಂಬ ಹೆಸರುಗಳನ್ನು ಕ್ರೆಫ್‌ನೇಮ್ ಆದೇಶದ ಮೂಲಕ ನಾವೇ ಕೊಡಬೇಕು, ‘ಮತ್ತು’ ಎಂಬುದನ್ನೂ ಬೇರೆಯಾಗಿ ಹೇಳಿಕೊಡಬೇಕು. ಬಹುವಚನದ ಜಾಗದಲ್ಲಿಯೂ ‘ಚಿತ್ರ’ ಎಂದೇ ಕೊಡುವುದು ಲೇಸು. ‘ಚಿತ್ರಗಳು 2 ಮತ್ತು 4ರಲ್ಲಿ’ ಎಂದು ಯಾರೂ ಬರೆಯುವುದಿಲ್ಲ. ವಿಭಕ್ತಿ ಪ್ರತ್ಯಯಗಳು ಮಾತ್ರ ತೊಂದರೆ ಕೊಡುವುದಿಲ್ಲ: ಕ್ರೆಫ್‌ನ ಮುಚ್ಚುವ ಆವರಣದ ಪಕ್ಕದಲ್ಲೇ ‘ರಲ್ಲಿ’ ಎಂದು ಅಂಟಿಸಿ ಬರೆದರೆ, ಸಂಖ್ಯೆ ಯಾವುದೇ ಇರಲಿ, ಸರಿಯಾಗಿ ಕೂರುತ್ತದೆ.

ಕೊರತೆಗಳೂ ಇವೆ. ಉಲ್ಲೇಖಗಳನ್ನು ಕ್ಲಿಕ್ ಮಾಡಬಹುದಾದ ಕೊಂಡಿಗಳಾಗಿಸುವ ಹೈಪರ್‌ರೆಫ್ ಪ್ಯಾಕೇಜಿನ ನಂತರವೇ ಇದನ್ನು ಲೋಡ್ ಮಾಡಬೇಕು, ಪ್ರಮೇಯಗಳನ್ನು ಅಚ್ಚಿಸುವ ಪರಿಸರಗಳ ವ್ಯಾಖ್ಯೆಗಳು ಇದರ ನಂತರ ಬರಬೇಕು. ಈ ಕ್ರಮ ಕೆಟ್ಟರೆ ಬರುವ ದೋಷಗಳ ಮೂಲ ಹುಡುಕುವುದು ಕಷ್ಟ. ಒಂದೇ ಕ್ರೆಫ್‌ನಲ್ಲಿ ಹಲವು ಲೇಬಲ್‌ಗಳನ್ನು ಕೊಡುವಾಗ ಅಲ್ಪವಿರಾಮದ ಪಕ್ಕ ಖಾಲಿ ಜಾಗ ಬಿಡಬಾರದೆಂಬ ನಿಯಮವಂತೂ ಅನಗತ್ಯವಾಗಿ ಬಿಗಿಯಾದುದು. ನಾನು ಬಳಸುತ್ತಿರುವ 0.21.4 ಆವೃತ್ತಿ 2018ರದು. ಆದರೂ ಲೇಟೆಕ್ ಮತ್ತು ಅದರ ಪ್ಯಾಕೇಜುಗಳ ಸಂಗ್ರಹವಾದ ಟೆಕ್ ಲೈವ್ ಜೊತೆಗೆ ಉಚಿತವಾಗಿಯೇ ಬರುವ ಇದನ್ನು, ಮುಗಿದ ಪ್ರಬಂಧಕ್ಕೆ ಕೊನೆಯಲ್ಲಿ ಸೇರಿಸುವ ಬದಲು ಮೊದಲ ಪುಟದಿಂದಲೇ ಬಳಸುವುದು ಒಳ್ಳೆಯದು.