ಸ್ಕಾಟ್ಲೆಂಡಿನ ಕುಲಗಳ ಬಂಡಾಯ: ಆಡಿಯೋ ಉಪನ್ಯಾಸ ಮಾಲೆಯನ್ನು 3 ವರ್ಷ ಕೇಳಿದ ಮೇಲೆ

15 ಮತ್ತು 16ನೆಯ ಶತಮಾನಗಳ ಸ್ಕಾಟ್ಲೆಂಡನ್ನು ಕುರಿತ ಈ ಆಡಿಯೋ ಉಪನ್ಯಾಸ ಮಾಲೆಗೆ ನಾನು ಚಂದಾದಾರನಾಗಿ 3 ವರ್ಷಗಳಾದವು. ಎಲ್ಲ 24 ಉಪನ್ಯಾಸಗಳನ್ನು ಎರಡು ಸಲ, ಕೆಲವನ್ನು ನಾಲ್ಕೈದು ಸಲ ಕೇಳಿದ್ದೇನೆ. ಮೊದಲ ತಿಂಗಳಲ್ಲೇ ಬರೆದಿದ್ದರೆ 3 ನಕ್ಷತ್ರ ಕೊಡುತ್ತಿದ್ದೆ. ಈಗ 4 ಕೊಡುತ್ತಿದ್ದೇನೆ.

ಕುಲಗಳ ಬಂಡಾಯವನ್ನೂ ಪರದೇಶದ ಮೈತ್ರಿಯನ್ನೂ ಒಂದೇ ಕಥೆಯಾಗಿ ಹೇಳಿರುವುದು ಈ ಮಾಲೆಯ ಜೀವಾಳ. ಇಂಗ್ಲೆಂಡಿನ ವಿರುದ್ಧ ಫ್ರಾನ್ಸಿನೊಂದಿಗೆ 1295ರಲ್ಲಿ ಆದ ಒಪ್ಪಂದ, ಅದಕ್ಕೆ ನಿಷ್ಠನಾಗಿ ಯುದ್ಧಕ್ಕೆ ಹೊರಟ ಸ್ಕಾಟ್ಲೆಂಡಿನ ದೊರೆ 4ನೆಯ ಜೇಮ್ಸ್ 1513ರಲ್ಲಿ ಇಂಗ್ಲೆಂಡಿನ ಸೇನೆಯೆದುರು ಫ್ಲಾಡನ್ನಿನಲ್ಲಿ ಮಡಿದದ್ದು, ಇವೆಲ್ಲ ನನಗೆ ಮೊದಲೇ ತಿಳಿದಿದ್ದವು. ಆದರೆ ಪಶ್ಚಿಮ ದ್ವೀಪಗಳಲ್ಲಿ ನಿಂತು ನೋಡಿದರೆ ಇದೇ ಕಾಲ ಎಷ್ಟು ಬೇರೆಯಾಗಿ ಕಾಣುತ್ತದೆ ಎಂಬುದು ಆ ದ್ವೀಪಗಳ ಬಂಡಾಯಗಾರ ಡೊನಾಲ್ಡ್ ಡೂ ಕುರಿತ ಉಪನ್ಯಾಸವನ್ನು ಮೂರನೆಯ ಸಲ ಕೇಳುವವರೆಗೆ ನನಗೆ ಹೊಳೆದಿರಲಿಲ್ಲ.

ಪಶ್ಚಿಮ ದ್ವೀಪಗಳನ್ನು ಆಳುತ್ತಿದ್ದ ಮ್ಯಾಕ್‌ಡೊನಾಲ್ಡ್ ಕುಲದ ದ್ವೀಪಾಧಿಪತ್ಯವನ್ನು ಸ್ಕಾಟ್ಲೆಂಡಿನ ರಾಜಸತ್ತೆ 1493ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ಆ ಮನೆತನದ ಕೊನೆಯ ದ್ವೀಪಾಧಿಪತಿಯ ಮೊಮ್ಮಗ ಡೊನಾಲ್ಡ್ ಎಳವೆಯಿಂದಲೇ ಸೆರೆಯಲ್ಲಿದ್ದವನು. 1501ರಲ್ಲಿ ತಪ್ಪಿಸಿಕೊಂಡು ಬಂಡೆದ್ದು, ಮತ್ತೆ ಸಿಕ್ಕಿಬಿದ್ದು, ತನ್ನ ಬಾಳಿನ ಬಹುಭಾಗವನ್ನು ಸೆರೆಮನೆಯಲ್ಲಿ ಕಳೆದನು. 1543ರಲ್ಲಿ ಹೊರಬಂದವನು ಎರಡೇ ವರ್ಷಗಳಲ್ಲಿ 4,000 ಯೋಧರನ್ನೂ 180 ನೌಕೆಗಳನ್ನೂ ಐರ್ಲೆಂಡಿನ ಕ್ಯಾರಿಕ್‌ಫರ್ಗಸ್‌ಗೆ ಕೊಂಡೊಯ್ದು, ಇಂಗ್ಲೆಂಡಿನ 8ನೆಯ ಹೆನ್ರಿಗೆ ನಿಷ್ಠೆ ಸೂಚಿಸಿದನು. ಅದೇ ಹೆನ್ರಿಯ ಸೇನೆ ಆಗ ಸ್ಕಾಟ್ಲೆಂಡಿನ ದಕ್ಷಿಣ ಭಾಗವನ್ನು ಸುಡುತ್ತಿತ್ತು. ಇದನ್ನು ದ್ರೋಹವೆಂದು ಕರೆದು ಮುಗಿಸದೆ, ದ್ವೀಪದವರ ಪಾಲಿಗೆ ವೈರಿ ಲಂಡನ್ನಲ್ಲ, ಸ್ಕಾಟ್ಲೆಂಡಿನದೇ ರಾಜಧಾನಿ ಎಡಿನ್‌ಬರೋ ಎಂಬುದನ್ನು ಉಪನ್ಯಾಸಕರು ತಾಳ್ಮೆಯಿಂದ ಬಿಡಿಸಿ ತೋರಿಸುತ್ತಾರೆ. 1545ರ ಕೊನೆಯ ಹೊತ್ತಿಗೆ ಡೊನಾಲ್ಡ್ ಜ್ವರದಿಂದ ಐರ್ಲೆಂಡಿನ ಡ್ರೋಹೆಡಾದಲ್ಲಿ ತೀರಿಕೊಂಡದ್ದನ್ನು ಕೇಳುವಾಗ ಪ್ರತಿ ಸಲವೂ ಮನಸ್ಸು ಭಾರವಾಗುತ್ತದೆ.

ಪ್ರೊಟೆಸ್ಟಂಟ್ ರಾಜಸತ್ತೆಯ ವಿರುದ್ಧ ಸ್ಪೇನಿನ ನೆರವು ಬಯಸಿದ ಕ್ಯಾಥೊಲಿಕ್ ಸಾಮಂತರನ್ನು ಕುರಿತ ಭಾಗ, 1594ರ ಗ್ಲೆನ್‌ಲಿವೆಟ್ ಕಾಳಗವೂ ಸೇರಿದಂತೆ, ಚೆನ್ನಾಗಿಯೇ ಇದೆ.

ಕೊರತೆಗಳೂ ಉಂಟು. ಜೊತೆಗೆ ಬರುವ ಪುಸ್ತಿಕೆಯಲ್ಲಿ ಒಂದೂ ನಕ್ಷೆಯಿಲ್ಲ. ಐಲಾ, ಸ್ಕೈ ಮುಂತಾದ ದ್ವೀಪಗಳಿಂದ ಐರ್ಲೆಂಡಿನ ಕರಾವಳಿ ಎಷ್ಟು ಹತ್ತಿರವೆಂದು ಕಾಣದೆ ಈ ರಾಜಕಾರಣ ಅರ್ಥವಾಗುವುದಿಲ್ಲವಾದ್ದರಿಂದ ನಾನೇ ಒಂದು ನಕ್ಷೆ ಬರೆದುಕೊಂಡೆ. ಕಿವಿಗೆ 'ಡೂ' ಎಂದು ಬೀಳುವ ಹೆಸರಿನ ಕಾಗುಣಿತ ದ್ವೀಪದವರ ಭಾಷೆಯಾದ ಗೇಲಿಕ್‌ನಲ್ಲಿ ಬೇರೆಯೇ ಆಗಿರುವುದರಿಂದ ಪುಸ್ತಿಕೆಯಲ್ಲಿ ಅದನ್ನು ಹುಡುಕುವುದೂ ಕಷ್ಟ. ಎರಡನೆಯ ವರ್ಷ ಆ್ಯಪ್ ಅಪ್‌ಡೇಟ್ ಆದಾಗ ನನ್ನ ಟಿಪ್ಪಣಿಗಳೆಲ್ಲ ಅಳಿಸಿಹೋದವು, ಎರಡು ಪತ್ರ ಬರೆದರೂ ಉತ್ತರ ಬರಲಿಲ್ಲ. ಇದೆಲ್ಲಕ್ಕಿಂತ ನೋವು ತಂದದ್ದು ರಾಜಸತ್ತೆ ದ್ವೀಪಗಳ ಕುಲನಾಯಕರ ಮೇಲೆ ಹೇರಿದ 1609ರ ಅಯೋನಾ ಕಟ್ಟಳೆಗಳನ್ನು ಹತ್ತೇ ನಿಮಿಷಗಳಲ್ಲಿ ಮುಗಿಸಿರುವುದು. 60 ದನಗಳುಳ್ಳ ಪ್ರತಿಯೊಬ್ಬನೂ ತನ್ನ ಹಿರಿಯ ಮಗನನ್ನು ಇಂಗ್ಲಿಷ್ ಕಲಿಯಲು ಸ್ಕಾಟ್ಲೆಂಡಿನ ತಗ್ಗುನಾಡಿನ ಶಾಲೆಗೆ ಕಳುಹಿಸಬೇಕೆಂದು ವಿಧಿಸಿದ ಆ ಶಾಸನ ಗೇಲಿಕ್ ಭಾಷೆಗೆ ಏನು ಮಾಡಿತು ಎಂಬುದಕ್ಕೆ ಒಂದು ಇಡೀ ಉಪನ್ಯಾಸ ಮೀಸಲಿಡಬೇಕಿತ್ತು.

ನಾಲ್ಕನೆಯ ವರ್ಷಕ್ಕೂ ಚಂದಾ ಕಟ್ಟಿದ್ದೇನೆ. ಹೊಸಬರು ಮೊದಲ ಉಪನ್ಯಾಸದ ಬದಲು ಡೊನಾಲ್ಡ್ ಡೂನಿಂದ ಆರಂಭಿಸಿ, ಆಮೇಲೆ 1295ಕ್ಕೆ ಹಿಂದಿರುಗುವುದು ಒಳ್ಳೆಯದು.