ಟೆಕ್ನಿಕ್ಸ್ ಎಸ್‌ಎಲ್-1200ಎಂಕೆ7: ಬ್ರೇಕ್ ಹಿಡಿಯಲು, ಮಂಗಳೂರಿನ ಮಳೆಗಾಲದಲ್ಲೂ

ಮೊದಲೇ ಲೆಕ್ಕ ಹಾಕಿಕೊಳ್ಳಿ: ರೆಕಾರ್ಡ್ ತಿರುಗಿಸುವ ಈ ಟರ್ನ್‌ಟೇಬಲ್ ಒಂದು ತಂದರೆ ಸಾಲದು, ಎರಡು ಬೇಕು. ಜೊತೆಗೆ ಎರಡರ ಸದ್ದನ್ನೂ ಬೆರೆಸುವ ಮಿಕ್ಸರ್, ಒಂದೇ ರೆಕಾರ್ಡಿನ ಎರಡು ಪ್ರತಿ, ಸೂಜಿ ಇರುವ ಎರಡು ಕಾರ್ಟ್ರಿಜ್. ಡಬ್ಬದಲ್ಲಿ ಕಾರ್ಟ್ರಿಜ್ ಕೂರಿಸುವ ಹೆಡ್‌ಶೆಲ್ ಉಂಟು, ಸೂಜಿ ಇಲ್ಲ.

ಯಾಕೆ ಎರಡು? 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ತಂಗಿ ಸಿಂಡಿ ಇಟ್ಟ ಪಾರ್ಟಿಗೆ ಡಿಜೆ ಕೂಲ್ ಹರ್ಕ್ ರೆಕಾರ್ಡ್ ಹಾಕಿದರು. ಹಿಪ್‌ಹಾಪ್‌ನ ಹುಟ್ಟುಹಬ್ಬ ಎಂದು ಲೋಕ ಎಣಿಸುವುದು ಆ ದಿನವನ್ನೇ. ಹಾಡಿನ ನಡುವೆ ಡ್ರಮ್ ಮಾತ್ರ ಉಳಿಯುವ ಬ್ರೇಕ್‌ಗೆ ಜನ ಕಾಯುವುದನ್ನು ಕಂಡ ಹರ್ಕ್, ಎರಡು ಪ್ರತಿ ಇಟ್ಟುಕೊಂಡು ಆ ತುಣುಕನ್ನೇ ಮತ್ತೆ ಮತ್ತೆ ಎಳೆದರು. ಆದರೆ ಅವರು ಸೂಜಿ ಇಳಿಸುತ್ತಿದ್ದುದು ಅಂದಾಜಿನಲ್ಲಿ. ಅದನ್ನು ಲೆಕ್ಕಕ್ಕೆ ತಂದವರು ಅದೇ ಬ್ರಾಂಕ್ಸ್‌ನ ಇನ್ನೊಬ್ಬ ಡಿಜೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್. ರೆಕಾರ್ಡಿಗೆ ಕ್ರೇಯಾನ್ ಗುರುತು ಹಾಕಿ, ಕೈಯಿಂದ ಹಿಂದಕ್ಕೆ ತಿರುಗಿಸಿ ಸುತ್ತು ಎಣಿಸಿದರು.

ಅದನ್ನೇ ಇದರಲ್ಲಿ ಮಾಡಿ ನೋಡಿ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡ್. ನಿಮಿಷಕ್ಕೆ 110 ಬೀಟ್‌ನ ಹಾಡಾದರೆ 16 ಬೀಟ್‌ನ ಬ್ರೇಕ್ ಸುಮಾರು 8.7 ಸೆಕೆಂಡ್, ಅಂದರೆ ಐದು ಸುತ್ತಿಗೆ ಸ್ವಲ್ಪ ಕಡಿಮೆ. ಒಂದು ಓಡುವಾಗ ಇನ್ನೊಂದನ್ನು ಅಷ್ಟು ಹಿಂದಕ್ಕೆ ತಂದು, ಹೆಡ್‌ಫೋನಿನಲ್ಲಿ ಮೊದಲ ಪೆಟ್ಟು ಹುಡುಕಿ, ಹಿಡಿದು, ತಾಳಕ್ಕೆ ಸರಿಯಾಗಿ ಬಿಡಬೇಕು. ಹಿಡಿದಷ್ಟು ಹೊತ್ತೂ ಅಡಿಯ ತಟ್ಟೆ ನಿಲ್ಲಬಾರದು. ಬೆಲ್ಟ್ ಇರುವ ಅಗ್ಗದ ಸೂಟ್‌ಕೇಸ್ ಪ್ಲೇಯರಿನಲ್ಲಿ ಬೆಲ್ಟ್ ಜಾರುತ್ತದೆ, ಬಿಟ್ಟ ಮೇಲೆ ವೇಗ ಏರುವಷ್ಟರಲ್ಲಿ ಬೀಟ್ ಕೈತಪ್ಪಿರುತ್ತದೆ. ಇದು ಡೈರೆಕ್ಟ್ ಡ್ರೈವ್, ಮೋಟಾರು ತಟ್ಟೆಯ ಕೆಳಗೇ ಕೂತಿದೆ. ನಿಂತಲ್ಲಿಂದ 0.7 ಸೆಕೆಂಡಿನಲ್ಲಿ ಪೂರ್ತಿ ವೇಗ. ಕೊಟ್ಟ ದುಡ್ಡು ಸಾರ್ಥಕವಾಗುವುದು ಇಲ್ಲಿ.

ಟೋನ್‌ಆರ್ಮ್, ಅಂದರೆ ಸೂಜಿ ಹೊರುವ ತೋಳು, ಹೊಂದಿಸುವಾಗ ಆ್ಯಂಟಿ-ಸ್ಕೇಟ್ (ತೋಳು ಒಳಕ್ಕೆ ಜಾರದಂತೆ ತಡೆಯುವ ತಿರುಗುಗುಂಡಿ) ಸೊನ್ನೆಗೆ ಇಡಿ. ಹಿಂದಿನ ತೂಕ ತಿರುಗಿಸುತ್ತ ತೋಳು ಮಟ್ಟಸವಾಗಿ ತೇಲಿದಾಗ ಅಂಕಿಯ ಬಳೆಯನ್ನು ಸೊನ್ನೆಗೆ ತನ್ನಿ, ಆಮೇಲೆ ಕಾರ್ಟ್ರಿಜ್ ಕಂಪನಿ ಹೇಳಿದ ಗ್ರಾಂ ಕೊಡಿ. ಸೂಜಿ ಹಾರುತ್ತದೆಂದು ತೋಳಿನ ತುದಿಗೆ ನಾಣ್ಯ ಅಂಟಿಸುವವರಿದ್ದಾರೆ. ರೆಕಾರ್ಡಿನ ಗೆರೆ ಸವೆದುಹೋಗುತ್ತದೆ, ದಯವಿಟ್ಟು ಬೇಡ. ಪಿಚ್, ಅಂದರೆ ವೇಗ ಹೆಚ್ಚು-ಕಡಿಮೆ ಮಾಡುವ ಮಿತಿ, ±8 ಶೇಕಡಾ, ಗುಂಡಿ ಒತ್ತಿದರೆ ±16.

ತಟ್ಟೆ ತಿರುಗುತ್ತಿದ್ದರೂ ರೆಕಾರ್ಡ್ ಹಿಡಿಯಲು ಬಿಡುವ ಜಾರುಬಟ್ಟೆ, ಸ್ಲಿಪ್‌ಮ್ಯಾಟ್ ಬಗ್ಗೆ ನಮ್ಮ ಊರಿನವರು ಹೆಚ್ಚು ಯೋಚಿಸಬೇಕು. ಫ್ಲ್ಯಾಶ್ ಫೆಲ್ಟ್ ಬಟ್ಟೆ ಕತ್ತರಿಸಿ, ಗಂಜಿ ಹಾಕಿ ಇಸ್ತ್ರಿ ಹೊಡೆದು ಗಟ್ಟಿ ಮಾಡಿಕೊಂಡಿದ್ದರು. ಆಟಿ ತಿಂಗಳಲ್ಲಿ ತೇವ ಹೀರಿದ ಫೆಲ್ಟ್ ಮೆತ್ತಗಾಗಿ ತಟ್ಟೆಗೆ ಅಂಟಿಕೊಂಡಾಗ ಆ ಗಂಜಿಯ ಬೆಲೆ ತಿಳಿಯುತ್ತದೆ. ಡಬ್ಬದಲ್ಲಿ ಬರುವ ತೆಳು ಹಾಳೆಯನ್ನು ಮ್ಯಾಟ್‌ನ ಅಡಿಗೆ ಹಾಕಿ, ಆಡಿಸಿ ಮುಗಿದ ಮೇಲೆ ಮ್ಯಾಟ್ ತೆಗೆದು ಒಣಗಲು ಬಿಡಿ.

ಕಡಲಗಾಳಿಗೆ ಸದ್ದಿನ ಕೇಬಲ್ಲಿನ ಆರ್‌ಸಿಎ ಪಿನ್ ಕಿಲುಬು ಹಿಡಿದರೆ ಒಂದು ಬದಿಯ ಸದ್ದು ಹೋಗುತ್ತದೆ. ಈ ಮಾದರಿಯಲ್ಲಿ ಕೇಬಲ್ ಕಳಚಬಹುದು, ಬೆಸುಗೆ ಇಲ್ಲದೆ ಬದಲಿಸಬಹುದು. ಕರಾವಳಿಗೆ ಇದು ದೊಡ್ಡ ಅನುಕೂಲ. ಗುಂಯ್ ಎಂಬ ಸದ್ದು ಬಂದರೆ ಮೊದಲು ನೋಡಬೇಕಾದ್ದು ಮಿಕ್ಸರಿಗೆ ಹೋಗುವ ಅರ್ಥಿಂಗ್ ತಂತಿ. ರೆಕಾರ್ಡ್‌ಗಳನ್ನು ನಿಲ್ಲಿಸಿಯೇ ಇಡಿ, ಗೋಡೆಗೆ ತಾಗದಂತೆ, ಕಪಾಟಿನಲ್ಲಿ ಸಿಲಿಕಾ ಜೆಲ್ ಹಾಕಿ. ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡಿ.