ಮಕ್ಕಳ ಡ್ರಾಯಿಂಗ್ ಕ್ಲಾಸ್: ಮನೆ ಹತ್ತಿರದ್ದಾ, ಆನ್‌ಲೈನಾ, ಭಾನುವಾರದ ಮೇಷ್ಟ್ರಾ?

ಮಕ್ಕಳನ್ನು ಡ್ರಾಯಿಂಗ್‌ಗೆ ಸೇರಿಸಬೇಕು ಅಂತ ಇದ್ದರೆ, ಎದುರಿಗೆ ನಿಜವಾದ ವಸ್ತು ಇಟ್ಟು ಬರೆಸುವ ಮೇಷ್ಟ್ರನ್ನೇ ಹುಡುಕಿ. ಮೈಸೂರಿನಲ್ಲಿ ಮೂರು ಬಗೆಯ ಕ್ಲಾಸಿಗೂ ದುಡ್ಡು ಕಟ್ಟಿ ನೋಡಿದ ಮೇಲೆ ಹೇಳುತ್ತಿದ್ದೇನೆ. ಮಗನಿಗೆ 8 ವರ್ಷ, ಮಗಳು ಒಂಬತ್ತನೇ ಕ್ಲಾಸ್.

ಮಗನನ್ನು ಮೊದಲು ಸೇರಿಸಿದ್ದು ಮನೆ ಹತ್ತಿರದ ಕ್ಲಾಸಿಗೆ. ತಿಂಗಳಿಗೆ 800 ರೂಪಾಯಿ, ನಡೆದೇ ಹೋಗಬಹುದು, ಮೇಷ್ಟ್ರು ಗದರುವವರಲ್ಲ. ತೊಂದರೆ ಒಂದೇ. ಅವನು ಮನೆಗೆ ತರುತ್ತಿದ್ದ ಚಿತ್ರ ಅವನದ್ದಾಗಿರುತ್ತಿರಲಿಲ್ಲ. ಅಲ್ಲಿ ಒಂದು ಮಾದರಿ ಹಾಳೆ ಕೊಡುತ್ತಾರೆ. ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಗುಡಿಸಲು, ತೆಂಗಿನ ಮರ. ಮಕ್ಕಳು ಅದನ್ನು ನೋಡಿಕೊಂಡು ಬರೆಯಬೇಕು. ಗೆರೆ ಸೊಟ್ಟಗಾದರೆ ಮೇಷ್ಟ್ರು ರಬ್ಬರ್ ತಗೊಂಡು ಅಳಿಸಿ, ತಾವೇ ಬರೆದುಕೊಡುತ್ತಾರೆ. ಬಣ್ಣ ಹಚ್ಚಿ ಮುಗಿದ ಮೇಲೆ ಕಪ್ಪು ಸ್ಕೆಚ್ ಪೆನ್ನಿನ ಔಟ್‌ಲೈನ್ ಕೂಡ ಅವರದ್ದೇ.

ಚಿತ್ರ ಚೆನ್ನಾಗಿ ಕಾಣುತ್ತದೆ, ಅಜ್ಜಿ ತಾತ ಮೆಚ್ಚುತ್ತಾರೆ. ಆದರೆ ಯಾವ ಗೆರೆ ತನ್ನದು ಅಂತ ಮಗುವಿಗೆ ಗೊತ್ತಿರುತ್ತದೆ, ಅಲ್ವಾ? ಮೊದಲೆಲ್ಲ ನಮ್ಮವನು ಗೋಡೆ ತುಂಬ ಲಾರಿ, ಜೆಸಿಬಿ ಬರೆಯುತ್ತಿದ್ದ. ಕ್ಲಾಸಿಗೆ ಸೇರಿದ ಕೆಲವು ತಿಂಗಳಿಗೆ ಖಾಲಿ ಹಾಳೆ ಕೊಟ್ಟರೆ "ಅಮ್ಮ, ನೀನೇ ಶುರು ಮಾಡಿಕೊಡು" ಅನ್ನತೊಡಗಿದ. ನನಗೆ ಹೊಟ್ಟೆ ಉರಿದಿದ್ದು ಆಗಲೇ.

ತಿದ್ದಬೇಡಿ, ಸೊಟ್ಟಗಿದ್ದರೂ ಇರಲಿ ಅಂತ ಮೇಷ್ಟ್ರನ್ನು ಕೇಳಿಕೊಂಡೆ. "ಹಾಗೇ ಕಳಿಸಿದರೆ ಏನೂ ಕಲಿಸಿಲ್ಲ ಅಂತಾರೆ ಮೇಡಂ" ಅಂದರು. ಅವರ ಕಷ್ಟವೂ ನಿಜ. ಚಿತ್ರ ನೋಡಿ ಫೀಸ್ ಕಟ್ಟುವವರು ನಾವೇ ತಾನೇ. ಆದರೂ ಅಲ್ಲಿ ಮುಂದುವರಿಸಲು ಮನಸ್ಸು ಬರಲಿಲ್ಲ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಕಟ್ಟಿಸುವುದಷ್ಟೇ ಗುರಿಯಾದರೆ ಆ ಕ್ಲಾಸ್ ಸಾಕು, ಅಭ್ಯಾಸ ಚೆನ್ನಾಗಿ ಮಾಡಿಸುತ್ತಾರೆ.

ಆನ್‌ಲೈನ್ ಕ್ಲಾಸಿಗೆ ಸೇರಿದ್ದವಳು ಮಗಳು. ರೆಕಾರ್ಡಿಂಗ್ ಮತ್ತೆ ನೋಡಬಹುದು, ಅದೊಂದು ಅನುಕೂಲ. ಆದರೆ ವಾಟರ್ ಕಲರ್‌ನಲ್ಲಿ ಬ್ರಷ್ ಎಷ್ಟು ನೀರು ಹಿಡಿದಿದೆ ಅನ್ನುವುದೇ ಮುಖ್ಯ, ಅದು ಪರದೆಯಲ್ಲಿ ಟೀಚರ್‌ಗೆ ಕಾಣುವುದಿಲ್ಲ. ಜೊತೆಗೆ, ಆ ಒಂದು ಗಂಟೆಯೂ ಮತ್ತೆ ಫೋನ್ ಮುಂದೆಯೇ.

ಈಗ ಇಬ್ಬರೂ ಹೋಗುತ್ತಿರುವುದು ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರ ಹತ್ತಿರ, ಭಾನುವಾರ ಬೆಳಗ್ಗೆ. ತಂಬಿಗೆ, ಈರುಳ್ಳಿ, ಹಳೇ ಚಪ್ಪಲಿ, ಏನಾದರೂ ಒಂದು ಇಟ್ಟು ಬರೆಯಿರಿ ಅನ್ನುತ್ತಾರೆ. ಕೈ ನೇರ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್‌ನಲ್ಲಿ ಅಳತೆ ತೆಗೆಯುವುದನ್ನು ಮಗನೂ ಕಲಿತಿದ್ದಾನೆ. "ನೆರಳು ಯಾವ ಕಡೆ ಬಿದ್ದಿದೆ ನೋಡು ಮರಿ" ಅಂತ ಬಾಯಲ್ಲಿ ಹೇಳುತ್ತಾರೆ. ಕೈಯಲ್ಲೇ ತೋರಿಸಬೇಕಾದರೆ ಪಕ್ಕದಲ್ಲಿ ಬೇರೆ ಹಾಳೆ ಇಟ್ಟುಕೊಳ್ಳುತ್ತಾರೆ. ಮಕ್ಕಳ ಹಾಳೆ ಮುಟ್ಟುವುದಿಲ್ಲ. ಕೆಲವು ವಾರ ಕುಕ್ಕರಹಳ್ಳಿ ಕೆರೆ ದಂಡೆ, ಕೆಲವು ವಾರ ದೇವರಾಜ ಮಾರ್ಕೆಟ್.

ಒಮ್ಮೆ ದೊಡ್ಡ ಮಕ್ಕಳನ್ನು ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿರುವ, ಕಲಾವಿದ ಹಲ್ದಣಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿರುತ್ತೀರಿ. ಅದು ವಾಟರ್ ಕಲರ್. ವಾಟರ್ ಕಲರ್‌ನಲ್ಲಿ ಬೆಳಕು ಬೇಕಾದ ಕಡೆ ಬಣ್ಣ ತೆಳುವಾಗಿಡಬೇಕು, ಒಮ್ಮೆ ಕಪ್ಪಾದರೆ ಹಿಂದಕ್ಕೆ ತರುವುದು ಕಷ್ಟ. ಇದು ಮಗಳಿಗೆ ಆನ್‌ಲೈನ್‌ನಲ್ಲಿ ಕೇಳಿ ಗೊತ್ತಿತ್ತು, ಅರ್ಥವಾಗಿದ್ದು ಆ ಚಿತ್ರದ ಮುಂದೆ ನಿಂತಾಗ. ಮಾರ್ಕ್ಸ್ ಕಡಿಮೆ ಬಂದ ದಿನ ಈಗ ಬಾಗಿಲು ಹಾಕಿಕೊಂಡು ಸ್ಕೆಚ್ ಬುಕ್ ತೆಗೆಯುತ್ತಾಳೆ, ಸ್ವಲ್ಪ ಹೊತ್ತಿಗೆ ತಾನೇ ಊಟಕ್ಕೆ ಬರುತ್ತಾಳೆ. ವಿಜ್ಞಾನದಲ್ಲಿ ಚಿತ್ರ ಬರೆದು ಭಾಗ ಗುರುತಿಸುವ ಪ್ರಶ್ನೆಗೂ ಹೆದರುವುದಿಲ್ಲ. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ, ಅದೂ ಒಂದು ಸಮಾಧಾನ. ಮಗ ಮತ್ತೆ ಲಾರಿ ಬರೆಯುತ್ತಿದ್ದಾನೆ, ಈಗ ಚಕ್ರದ ಕೆಳಗೆ ನೆರಳೂ ಇರುತ್ತದೆ.

ಇಲ್ಲಿ ಮೆಡಲ್ ಇಲ್ಲ, ಸರ್ಟಿಫಿಕೇಟ್ ಇಲ್ಲ. ಮಳೆ ಬಂದರೆ ಹೊರಗಿನ ಕ್ಲಾಸ್ ಇಲ್ಲ. ಇಬ್ಬರಿಗೂ ಸೇರಿ 2,500 ರೂಪಾಯಿ, ಜೊತೆಗೆ 300 ಜಿಎಸ್‌ಎಂನ ದಪ್ಪ ಹಾಳೆಯ ಖರ್ಚು. ತೆಳು ಹಾಳೆಗೆ ನೀರು ಬಿದ್ದರೆ ಉಬ್ಬುತ್ತದೆ, ಹಾಗಾಗಿ ಒಳ್ಳೆಯ ಹಾಳೆಯನ್ನೇ ತಂದು ನಾಲ್ಕು ತುಂಡು ಮಾಡಿ ಬಳಸುತ್ತೇವೆ.

ಹೊರಗೆ ಊಟ ಕಡಿಮೆ ಮಾಡಿ ಈ ದುಡ್ಡು ಹೊಂದಿಸುತ್ತೇವೆ, ಭಾನುವಾರ ಬೆಳಗ್ಗೆ ನನಗೂ ಬಿಡುವು. ಹಾಗಾಗಿ ನಮಗೆ ಇದೇ ಸರಿ. ನಿಮಗೆ ಮನೆ ಹತ್ತಿರದ್ದೇ ಆಗಬೇಕು ಅಂದರೆ, ಒಂದು ದಿನ ಕ್ಲಾಸಿನಲ್ಲಿ ಸುಮ್ನೆ ಕೂತು ನೋಡಿ. ಮೇಷ್ಟ್ರು ಮಕ್ಕಳ ಹಾಳೆ ಮೇಲೆ ಬರೆಯುತ್ತಾರಾ ಅಂತ ಗಮನಿಸಿ, ಆಮೇಲೆ ಫೀಸ್ ಕಟ್ಟಿ.